ಆರು ಗಂಟೆಯ ಟೆಸ್ಟ್

ಅವಳಿಗೆ ಅಂತ ಇದ್ದದ್ದು ಒಂದು ಫೋನ್ ನಂಬರು. ಮನೆ ಬಾಡಿಗೆಯದು, ಮಂಚ ಮನೆಯವರದು, ಬೆಕ್ಕು ಬೀದಿಯದು. ನಂಬರು ಮಾತ್ರ ಅವಳದು. ಅದನ್ನು ಬಿಟ್ಟುಬಿಡು ಎಂದು ಹೇಳಿದವಳು ನಾನು. ಹೇಳಿದ್ದಕ್ಕೆ ಅಳುತ್ತಾ ಕೂರುವ ಪೈಕಿ ನಾನಲ್ಲ. ಆದರೆ ಅವಳ ವಿಷಯ ಬರೆಯುವುದಾದರೆ ಇದನ್ನು ಮೊದಲೇ ಹೇಳಿಬಿಡಬೇಕು. ಕೊನೆಗೆ ಹೇಳಿದರೆ ಮುಚ್ಚಿಟ್ಟುಕೊಂಡಿದ್ದ ಹಾಗೆ ಆಗುತ್ತದೆ.

ಅವಳ ಹೆಸರು ನನಗೆ ಗೊತ್ತಿಲ್ಲ. ಐದು ವರ್ಷ ನಮ್ಮ ಮನೆಗೆ ಬಂದು ಹೋಗಿದ್ದಾಳೆ, ನನ್ನ ಕೈಯ ಮುದ್ದೆ ಉಂಡಿದ್ದಾಳೆ, ಹೆಸರೇನು ಅಂತ ನಾನು ಕೇಳಲಿಲ್ಲ. ಅವಳೂ ನನ್ನ ಹೆಸರು ಕೇಳಲಿಲ್ಲ. ಊರಿನ ಹೆಸರು ಹಿಡಿದು ‘ಹೊಳವನಹಳ್ಳಿಯಮ್ಮ’ ಎನ್ನುತ್ತಿದ್ದಳು. ವಯಸ್ಸಾದ ಹೆಂಗಸರು ಒಬ್ಬರಿಗೊಬ್ಬರು ಹೆಸರು ಕೇಳುವುದಿಲ್ಲ. ಯಾವ ಊರು ಅಂತ ಕೇಳುತ್ತಾರೆ, ಊಟ ಆಯಿತಾ ಅಂತ ಕೇಳುತ್ತಾರೆ. ಅಷ್ಟರಲ್ಲೇ ಕೆಲಸ ನಡೆದುಹೋಗುತ್ತದೆ.

ನಾವು ಅವಳನ್ನು ಎಕ್ಸ್‌ಚೇಂಜಮ್ಮ ಎನ್ನುತ್ತಿದ್ದೆವು. ಸಿರಾದಲ್ಲಿ ಒಂದು ಲಾಡ್ಜಿನವರು ಫೋನ್ ಆಪಾ ಎನ್ನುತ್ತಿದ್ದರಂತೆ. ಪಾವಗಡದ ಕಡೆಗೆ ಹೋದರೆ ನೆಟ್ ಮೇಡಂ. ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜನ ತಾವೇ ನಂಬರ್ ತಿರುಗಿಸುವುದಕ್ಕೆ ಮುಂಚೆ ಒಂದು ಕಾಲ ಇತ್ತು. ಫೋನ್ ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಒಬ್ಬರು ಮಾತಾಡಿ, ಯಾರು ಬೇಕು ಅಂತ ಕೇಳಿ, ಬೋರ್ಡಿಗೆ ತಂತಿ ಚುಚ್ಚಿ ಕೊಡುತ್ತಿದ್ದರು. ಹಾಗೆ ಚುಚ್ಚುತ್ತಿದ್ದವರಲ್ಲಿ ಇವಳೂ ಒಬ್ಬಳು. ಆಮೇಲೆ ಬೋರ್ಡು ಹೋಯಿತು, ಮೆಷಿನ್ ಬಂತು, ಇವಳನ್ನು ಮೆಷಿನ್ ಕೋಣೆಗೆ ಹಾಕಿದರು. ಅಲ್ಲಿ ಕಂಪ್ಯೂಟರ್ ಕೆಲಸ ಕಲಿತಳು. ಕೊನೆಗೆ ವಯಸ್ಸಾಗುವ ಮುಂಚೆಯೇ ಮನೆಗೆ ಕಳಿಸಿದರು. ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ನಮ್ಮಂಥ ಸಣ್ಣಪುಟ್ಟ ಜಾಗಗಳಲ್ಲಿ ಇಂಟರ್ನೆಟ್ ಕೆಟ್ಟರೆ ಸರಿ ಮಾಡುವ ಕೆಲಸ ಹಿಡಿದಳು. ಒಂದು ಬಟ್ಟೆ ಚೀಲ, ಅದರಲ್ಲಿ ಸುತ್ತಿಟ್ಟ ವೈರು, ವೈರಿನ ತುದಿಗೆ ಕ್ಲಿಪ್ಪು ಒತ್ತುವ ಇಕ್ಕಳ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ಸುರುಳಿ, ಒಂದು ಟಿಫಿನ್ ಡಬ್ಬಿ. ಓಡಾಟವೆಲ್ಲ ಬಸ್ಸಿನಲ್ಲೇ.

ಮೊದಲ ಸಲ ಬಂದಾಗ ನಾನು ಅವಳನ್ನು ಒಳಗೇ ಬಿಟ್ಟಿರಲಿಲ್ಲ.

ನಮ್ಮದು ಬಸ್ ಸ್ಟಾಪಿನ ಹತ್ತಿರ ಸಾಲಾಗಿ ಮೂರು ಅಂಗಡಿ ಕೋಣೆ, ಹಿಂದೆ ಮನೆ. ಮೊದಲನೆಯ ಕೋಣೆಯಲ್ಲಿ ನನ್ನ ಸೊಸೆಯ ಸೇವಾ ಕೇಂದ್ರ: ಪಹಣಿ, ಜಾತಿ ಪತ್ರ, ಆದಾಯ ಪತ್ರ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ. ಎರಡನೆಯದು ರಕ್ತಪರೀಕ್ಷೆಯ ಲ್ಯಾಬು. ಮೂರನೆಯದು ಜೆರಾಕ್ಸ್. ಮೂರಕ್ಕೂ ಇಂಟರ್ನೆಟ್ ಲೈನು ಒಂದೇ. ಸೊಸೆಯ ಮೇಜಿನ ಹಿಂದೆ ದೀಪ ಮಿಣುಕುವ ಒಂದು ಪೆಟ್ಟಿಗೆ ಇದೆ; ಅದರಿಂದ ಗೋಡೆ ಕೊರೆದು ಪಕ್ಕದ ಕೋಣೆಗಳಿಗೆ ವೈರು ಎಳೆದಿದ್ದಾರೆ. ಆ ಸಲ ಮೂರು ದಿನದಿಂದ ನೆಟ್ ಇರಲಿಲ್ಲ. ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು. ಲೈನ್ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದರು. ಸೊಸೆ ಆಫ್ ಮಾಡಿ ಆನ್ ಮಾಡಿ ಬೆರಳು ಸವೆಸಿಕೊಂಡಿದ್ದಳು. ಅರ್ಜಿ ಹಾಕಲು ಬಂದ ಜನ ನನ್ನ ಜಗುಲಿಯ ಮೇಲೆ ಕೂತು ಕಡಲೆಕಾಯಿ ಸಿಪ್ಪೆ ಹಾಕುತ್ತಿದ್ದರು.

ಅಷ್ಟರಲ್ಲಿ ಕುಳ್ಳಗಿನ ಒಬ್ಬ ಹೆಂಗಸು ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ತಲೆ ಒಂದು ಕಡೆಗೆ ವಾಲಿತ್ತು. ಇನ್ಶೂರೆನ್ಸ್ ಮಾಡಿಸಿ ಅಂತ ಬಂದವಳು ಎಂದುಕೊಂಡೆ.

“ಯಾವ್ದೂ ಬ್ಯಾಡ, ಹೋಗಮ್ಮ,” ಅಂದೆ.

“ನೆಟ್ಟೂ ಬ್ಯಾಡ್ವಾ?” ಅಂದಳು.

ಲ್ಯಾಬಿನವನು ಹೇಳಿಕಳಿಸಿದ್ದನಂತೆ. ಒಳಗೆ ಬಂದವಳು ಮೊದಲು ಕಾಫಿ ಕೇಳಿದಳು. ಕುಡಿದು ಮುಗಿಯುವ ತನಕ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಸೊಸೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತಳು. ತೆರೆಯಬೇಕಾದ ಪೇಜಿನ ಹೆಸರಿನ ಬದಲು, ನಡುವೆ ಚುಕ್ಕಿ ಇಟ್ಟು ನಾಲ್ಕು ತುಂಡಿನ ಒಂದು ನಂಬರು ಹೊಡೆದಳು. ಕಪ್ಪು ಪರದೆಯ ಮೇಲೆ ಒಂದರ ಕೆಳಗೆ ಒಂದು ಸಾಲು ಬೀಳತೊಡಗಿತು.

“ದಾರಿ ಐತೆ,” ಅಂದಳು. “ಹೆಸ್ರು ಹೇಳೋರಿಲ್ಲ.”

“ಅಂಗಂದ್ರೆ?”

“ನೀವು ಮೆಷಿನ್ನಿಗೆ ಹೆಸ್ರು ಹೇಳ್ತೀರ. ಅದಕ್ಕೆ ಹೆಸ್ರು ತಿಳಿಯಲ್ಲ, ನಂಬರ್ ಮಾತ್ರ ತಿಳೀತದೆ. ಇಂಥ ಹೆಸ್ರಿನೋರ ನಂಬರ್ ಎಷ್ಟು ಅಂತ ಅದು ಇನ್ನೊಬ್ರನ್ನ ಕೇಳ್ತದೆ. ಅವ್ರು ಹೇಳಿದ್ರೆ ಮುಂದಕ್ಕೆ ಹೋಗ್ತದೆ. ಆವಾಗ ಜನ ಫೋನ್ ಎತ್ತಿ ‘ಡಾಕ್ಟ್ರ ಮನೆ ಕೊಡಮ್ಮ’ ಅಂತಿದ್ರು, ನಾನು ನಂಬರ್ ನೋಡಿ ಚುಚ್ತಿದ್ದೆ. ನಾನು ಟೀ ಕುಡಿಯೋಕೆ ಎದ್ದೋಗಿದ್ರೆ? ಡಾಕ್ಟ್ರು ಮನೇಲೇ ಅವ್ರೆ, ತಂತಿ ನೆಟ್ಟಗೈತೆ, ಆದ್ರೂ ಮಾತಿಲ್ಲ.”

“ಈಗ ಯಾರು ಟೀ ಕುಡಿಯೋಕೆ ಹೋಗವ್ರೆ?”

“ಕಂಪನಿಯವ್ರು ಇಟ್ಟಿರೋರು. ಬರ್ಲಿ ಬುಡಿ ನಿಧಾನಕ್ಕೆ. ನಾವು ಬೇರೆಯವ್ರನ್ನ ಕೇಳಾನ.”

“ಅಂದ್ರೆ ಆ ಪೆಟ್ಟಿಗೆಯಿಂದಾಚೆ ನಿನ್ನಂಥೋಳು ಒಬ್ಳು ಕುಂತವ್ಳೆ ಅನ್ನು.”

“ಊಂ,” ಅಂದಳು. “ಅವಳಿಗೆ ರಿಟೈರ್‌ಮೆಂಟ್ ಇಲ್ಲ.”

ಪೆಟ್ಟಿಗೆಯೊಳಗೆ ಏನೋ ಬದಲಾಯಿಸಿದಳು. ಜಗುಲಿಯ ಮೇಲಿನ ಜನ ಎದ್ದು ಒಳಗೆ ನುಗ್ಗಿದರು. ಅವಳು ಪೆಟ್ಟಿಗೆಯನ್ನು ಬೋರಲು ಹಾಕಿ, ಪ್ಲಾಸ್ಟರ್ ಹರಿದು ತಳಕ್ಕೆ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ‘ಹೆಸರು ಇವರನ್ನು ಕೇಳುವುದು’ ಎಂದು ಬರೆದು, ಪಕ್ಕದಲ್ಲಿ ನಂಬರು ಬರೆದಳು. ಅಕ್ಷರ ಮುತ್ತಿನ ಹಾಗಿತ್ತು. ನಾಲ್ಕನೇ ಕ್ಲಾಸು ಓದಿದ ನನಗೂ ಓದಲು ಬಂತು.

ಹೊರಡುವಾಗ ಒಂದು ಕಟ್ಟಳೆ ಮಾಡಿದಳು. ದಿನಾ ಸಾಯಂಕಾಲ ಆರು ಗಂಟೆಗೆ ಅವಳ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ನೆಟ್ ಇದೆಯೋ ಇಲ್ಲವೋ ಹೇಳಬೇಕು. ಟೆಸ್ಟ್ ಅಂತೆ. ಎಕ್ಸ್‌ಚೇಂಜಿನಲ್ಲಿ ದಿನಾ ಹಾಗೆ ಲೈನುಗಳನ್ನು ಟೆಸ್ಟ್ ಮಾಡುತ್ತಿದ್ದರಂತೆ. ಸೊಸೆಗೆ ಅದು ಸರಿಬರಲಿಲ್ಲ.

“ಕೆಟ್ಟಾಗ ಫೋನ್ ಮಾಡಿದ್ರೆ ಸಾಕಲ್ವಾ ಅತ್ತೆ? ಚೆನ್ನಾಗೈತೆ ಅಂತ ಯಾರಾದ್ರೂ ಫೋನ್ ಮಾಡ್ತಾರಾ?”

“ಅವಳ ಕೆಲ್ಸ ಅವಳಿಗೆ ಗೊತ್ತು. ನೀನು ನಿನ್ ಪಹಣಿ ನೋಡ್ಕ,” ಅಂದೆ. ಒಬ್ಬರ ಕೆಲಸದ ಕ್ರಮದಲ್ಲಿ ಇನ್ನೊಬ್ಬರು ಬಾಯಿ ಹಾಕುವುದು ನನಗೆ ಆಗದು. ಫೋನ್ ಮಾಡುವುದನ್ನು ನನ್ನ ತಲೆಗೇ ಕಟ್ಟಿಕೊಂಡೆ. ನಂಬರು ಬಾಯಿಪಾಠ ಆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ಬೇರೆ ಯಾರಿಗಾದರೂ ಕೊಟ್ಟಿದ್ದಾರೋ ಏನೋ.

ಅಂದಿನಿಂದ ಸಾಯಂಕಾಲ ದೀಪ ಹಚ್ಚಿ, ಕೈ ಒರೆಸಿಕೊಂಡು, ನನ್ನ ಮೊಬೈಲಿನಿಂದ ಒತ್ತುತ್ತಿದ್ದೆ. ಮೊದಲ ರಿಂಗಿಗೆ ಎತ್ತುತ್ತಿರಲಿಲ್ಲ. ಎರಡನೆಯದಕ್ಕೆ ಎತ್ತುತ್ತಿದ್ದಳು. ಹಲೋ ಎನ್ನುವ ಅಭ್ಯಾಸ ಇಲ್ಲ.

“ಎಕ್ಸ್‌ಚೇಂಜ್.”

“ನೆಟ್ ಐತೆ.”

“ಥ್ಯಾಂಕ್ಯೂ.”

ಅಷ್ಟೆ. ಇಡುತ್ತಿದ್ದೆ. ಎಕ್ಸ್‌ಚೇಂಜಮ್ಮ ಅನ್ನುವ ಹೆಸರು ಬಂದದ್ದು ಅದರಿಂದಲೇ. ಕೆಲಸ ಬಿಟ್ಟು ವರ್ಷಗಳಾದರೂ ತನ್ನ ಮನೆಯಲ್ಲಿ ಒಬ್ಬಳೇ ಕೂತು ಎಕ್ಸ್‌ಚೇಂಜ್ ಅನ್ನುತ್ತಾಳಲ್ಲ ಅಂತ ನಾನೂ ಸೊಸೆಯೂ ನಗುತ್ತಿದ್ದೆವು. ಮೊಬೈಲ್ ಇಟ್ಟುಕೋ ಎಂದರೆ “ಮೂವತ್ತು ವರ್ಷ ಕಿವಿಗೆ ಕಟ್ಕೊಂಡಿದ್ದೆ, ಈಗ ಸೊಂಟಕ್ಕೂ ಕಟ್ಕೊಳ್ಳಾ?” ಎನ್ನುತ್ತಿದ್ದಳು. ಬಲಗಿವಿಯ ಮೇಲೆ ಕೂದಲು ಸವೆದು ಬೆರಳಗಲ ಬೋಳಾಗಿತ್ತು. ಹೆಡ್‌ಫೋನಿನ ಪಟ್ಟಿ ಕೂರುತ್ತಿದ್ದ ಜಾಗ. ತಲೆ ವಾಲಿಸಿ ನಿಲ್ಲುವುದೂ ಅದರದೇ ಅಭ್ಯಾಸ.

ಅವಳೇ ನಮ್ಮಲ್ಲಿಗೆ ಬಂದ ದಿನ ನಾನು ಸಾಯಂಕಾಲ ಫೋನ್ ಮಾಡುತ್ತಿರಲಿಲ್ಲ. ಕಣ್ಣಾರೆ ನೋಡಿ ಹೋಗಿದ್ದಾಳೆ, ಮತ್ತೆ ಏನು ಹೇಳುವುದು?

ಅವಳು ಕೆಲಸ ಮಾಡುವುದನ್ನು ನೋಡಬೇಕಿತ್ತು. ಎರಡನೆಯ ವರ್ಷವೋ ಏನೋ, ಇನ್ನೊಂದು ತರಹದ ಕಾಟ ಶುರುವಾಯಿತು. ಬೆಳಿಗ್ಗೆ ನೆಟ್ ಇರುವುದು, ಹನ್ನೊಂದಕ್ಕೆ ಹೋಗುವುದು, ಲ್ಯಾಬಿಗೆ ಬಂದರೆ ಸೊಸೆಗೆ ಇಲ್ಲ, ಸೊಸೆಗೆ ಬಂದರೆ ಲ್ಯಾಬಿಗೆ ಇಲ್ಲ. ಅವಳು ಬಂದು ಎಲ್ಲರಿಗೂ ಸುಮ್ಮನಿರಿ ಅಂದಳು. ಮಾತು ನಿಂತ ಮೇಲೆ ಪೆಟ್ಟಿಗೆಯಿಂದ ಒಂದೊಂದೇ ವೈರು ಕಿತ್ತು “ಯಾರದು ಹೋಯ್ತು?” ಎಂದು ಕೂಗಿದಳು. ಆಮೇಲೆ ಜೆರಾಕ್ಸ್ ಅಂಗಡಿಯ ವೈರನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಬೇರೆ ಎಲ್ಲೋ ಇಟ್ಟು, ಗೋಡೆಯುದ್ದಕ್ಕೂ ಸವರಿಕೊಂಡು ನಡೆದಳು. ಬೆರಳು ಜೆರಾಕ್ಸಿನವನ ಬೀರುವಿನ ಮೇಲೆ ಹೋಗಿ ನಿಂತಿತು. ಅಲ್ಲಿ ಹಳೆಯ ಪೇಪರಿನ ಹಿಂದೆ ಇನ್ನೊಂದು ಪೆಟ್ಟಿಗೆ. ಮೊಬೈಲಿಗೆ ಸಿಗ್ನಲ್ ಸಾಲದು ಅಂತ ಅವನು ಮಾವನ ಮನೆಯಿಂದ ತಂದು ಇಟ್ಟಿದ್ದ.

“ಒಂದೇ ರೇಷನ್ ಅಂಗಡಿಗೆ ಇಬ್ರು ಟೋಕನ್ ಹಂಚ್ತಾ ಕುಂತ್ರೆ ಹೆಂಗಪ್ಪ?” ಅಂದಳು. “ಆ ಮೇಜಿನ ಹಿಂದಿರೋದು ಮನೆ ಯಜಮಾನ ಪೆಟ್ಟಿಗೆ. ಮೆಷಿನ್ನುಗಳಿಗೆ ನಂಬರ್ ಕೊಡೋದು ಅದ್ರ ಕೆಲ್ಸ. ನಿನ್ನ ಪೆಟ್ಟಿಗೇನೂ ಕೊಡ್ತಾ ಐತೆ. ನಿನ್ ಟೋಕನ್ ತಗೊಂಡೋರು ದಾರಿ ತಪ್ಪಿ ನಿನ್ನ ಬೀರು ಮೇಲೆ ಬಂದು ಕುಂತವ್ರೆ.”

“ನಾನೇನ್ ಮಾಡ್ದೆ ಮೇಡಂ, ಸುಮ್ನೆ ಚುಚ್ಚಿದೆ.”

“ಸುಮ್ನೆ ಚುಚ್ಚೋ ಕೆಲ್ಸನಾ ಇದು? ಅಷ್ಟು ವರ್ಷ ಚುಚ್ಚಿದೀನಿ, ಒಂದಿನ ಸುಮ್ನೆ ಚುಚ್ಚಿಲ್ಲ.”

ಅವಳ ದನಿ ಏರಿದ್ದನ್ನು ಕೇಳಿದ್ದು ಅದೊಂದೇ ಸಲ. ಪೆಟ್ಟಿಗೆಯನ್ನು ಕಿತ್ತು ಬಿಸಾಡಲಿಲ್ಲ. ವೈರನ್ನು ಪಕ್ಕದ ತೂತಿಗೆ ಬದಲಾಯಿಸಿ, ಇನ್ನು ಮೇಲೆ ಟೋಕನ್ ಹಂಚಬೇಡ ಅಂತ ಅದಕ್ಕೆ ಒಳಗಿನಿಂದ ಹೇಳಿ, ಸಿಗ್ನಲ್ ಕೊಡುವ ಕೆಲಸವನ್ನು ಅದಕ್ಕೇ ಬಿಟ್ಟಳು. ಜೆರಾಕ್ಸಿನವನು ಈಗಲೂ ಆ ಪೆಟ್ಟಿಗೆಯನ್ನು ‘ಮೇಡಂ ಪಾಸ್ ಮಾಡಿದ ಪೆಟ್ಟಿಗೆ’ ಎನ್ನುತ್ತಾನೆ.

ಕೆಲಸ ಎಷ್ಟು ಹೊತ್ತಿಗೆ ಮುಗಿಯಲಿ, ಮೂರು ಗಂಟೆಯ ಬಸ್ಸಿಗೆ ಹೊರಟು ನಿಲ್ಲುತ್ತಿದ್ದಳು. ಮಧ್ಯಾಹ್ನ ಉಂಡು ಒಂದು ಘಳಿಗೆ ಒರಗು ಎಂದರೆ ಒರಗುವುದಿಲ್ಲ. ಇವತ್ತು ಇದ್ದು ನಾಳೆ ಹೋಗು ಎಂದು ನಾನು ಯಾರಿಗೂ ಹೇಳುವವಳಲ್ಲ. ಅವಳಿಗೆ ಎರಡು ಸಲ ಹೇಳಿದ್ದೇನೆ.

“ಇಲ್ಲ ಕಣಮ್ಮ. ಸಾಯಂಕಾಲ ಲೈನ್ ಹತ್ರ ಇರ್ಬೇಕು.”

ಇರಬಹುದು, ಎಲ್ಲಾದರೂ ಕೆಟ್ಟರೆ ಜನ ಫೋನ್ ಮಾಡುತ್ತಾರೆ ಅಂದುಕೊಂಡೆ. ನನಗೂ ಒಲೆಯ ಮೇಲೆ ಸಾರಿರುತ್ತಿತ್ತು. ಬಲವಂತ ಮಾಡಲಿಲ್ಲ.

ಒಂದು ಸಲ ಮಾತ್ರ ಇಡೀ ದಿನ ಅವಳ ಜೊತೆ ಇದ್ದೆ. ನನ್ನ ತಂಗಿಯನ್ನು ಪಾವಗಡದ ಕಡೆಯ ತಿರುಮಣಿಗೆ ಕೊಟ್ಟಿದೆ. ಸೋಲಾರಿನವರಿಗೆ ಜಮೀನು ಗುತ್ತಿಗೆ ಕೊಟ್ಟ ಮೇಲೆ ತಂಗಿಯ ಗಂಡ ಉಳಿದ ಜಾಗದಲ್ಲಿ ಆರು ರೂಮು ಕಟ್ಟಿಸಿ, ಅಲ್ಲಿ ಕೆಲಸ ಮಾಡುವವರಿಗೆ ಬಾಡಿಗೆಗೆ ಬಿಟ್ಟಿದ್ದಾನೆ. ಒಂದು ಲೈನು, ರೂಮಿಗೊಂದು ಪೆಟ್ಟಿಗೆ. ಆದರೂ ನೆಟ್ ಸರಿಯಿಲ್ಲ ಎಂದು ಗೋಳು. ನಾನೇ ಇವಳನ್ನು ಕರೆದುಕೊಂಡು ಹೋದೆ.

“ಅನ್ನೀ ಬಾಗುನ್ನಾಯಿ ಮೇಡಂ, ನೆಟ್ ಮಾತ್ರಂ ರಾದು,” ಅಂದ ತಂಗಿಯ ಗಂಡ. ಎಲ್ಲಾ ಚೆನ್ನಾಗಿದೆ, ನೆಟ್ ಒಂದೇ ಬರುವುದಿಲ್ಲ ಅಂತ. ಆ ಕಡೆ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ, ಇಲ್ಲವೇ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ. ಇವಳಿಗೆ ಎರಡೂ ಬರುತ್ತಿತ್ತು. ಗಡಿಯಾಚೆಗೆ ಫೋನ್ ಲೈನು ಕೊಟ್ಟು ಕೊಟ್ಟು ಕಲಿತದ್ದು. ಆರು ರೂಮನ್ನೂ ಸುತ್ತಿ ಬಂದು, ನಗದೆ ಅವನನ್ನು ಕೇಳಿದಳು:

“ಮುಗ್ಗುರು ಕೊಡುಕುಲಕೀ ಒಕೇ ಪೇರು ಪೆಟ್ಟಿನಾರಾ?” ನಿಮ್ಮ ಮೂವರು ಗಂಡುಮಕ್ಕಳಿಗೂ ಒಂದೇ ಹೆಸರಿಟ್ಟಿದ್ದೀರಾ ಅಂತ.

ನೋಡಿದರೆ ಆ ಪುಣ್ಯಾತ್ಮ ಆರು ಪೆಟ್ಟಿಗೆಗೂ ತನ್ನ ಮನೆಯ ಹೆಸರನ್ನೇ ಇಟ್ಟಿದ್ದ. ಯಾರ ಫೋನು ತೆಗೆದರೂ ಮನೆಯ ಹೆಸರು ಕಾಣಲಿ ಅಂತ ಆಸೆ. ಪಾಸ್‌ವರ್ಡು ಮಾತ್ರ ಆರಕ್ಕೆ ಆರು ಬೇರೆ. ಒಂದನೇ ರೂಮಿನವನ ಫೋನು ಹೆಸರು ನೋಡಿ ಎರಡನೇ ರೂಮಿನ ಪೆಟ್ಟಿಗೆಯ ಬಾಗಿಲು ತಟ್ಟುವುದು, ಅದು ನಿನ್ನ ಚೀಟಿ ಇದಲ್ಲ ಅಂತ ಹಿಂದಕ್ಕೆ ಕಳಿಸುವುದು. ಅವಳು ಕೂತು ಒಂದೊಂದಕ್ಕೂ ಬೇರೆ ಹೆಸರು ಕೇಳಿದಳು. ಅವನು ಒಂದಕ್ಕೆ ತಾಯಿಯ ಹೆಸರು ಹೇಳಿದ, ಒಂದಕ್ಕೆ ಮನೆದೇವರದು, ಹೆಸರು ಮುಗಿದು ಕೊನೆಯದಕ್ಕೆ ಹಸುವಿನದು. ಆ ರೂಮಿನ ಇಂಜಿನಿಯರು ಈಗಲೂ ಗೌರಿಯ ಕೊಟ್ಟಿಗೆಯಲ್ಲೇ ಇದ್ದಾನೆ ಅಂತ ತಂಗಿ ನಗುತ್ತಾಳೆ.

ವಾಪಸ್ ಬರುವಾಗ ಬಸ್ಸು ಪಂಕ್ಚರ್ ಆಗಿ ದಾರಿಯಲ್ಲಿ ನಿಂತಿತು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಸೋಲಾರಿನ ಆ ಕಪ್ಪು ಹಲಗೆಗಳು, ಮನುಷ್ಯರು ಯಾರೂ ಇಲ್ಲ. ನಾವು ಬಸ್ಸಿನಲ್ಲೇ ಕೂತಿದ್ದೆವು. ನಾನು ಮುಚ್ಚಿಟ್ಟು ಮಾತಾಡುವವಳಲ್ಲ.

“ಯಾಕೆ ಮದ್ವೆ ಆಗ್ಲಿಲ್ಲ ನೀನು?”

“ಒಂದ್ ವಾರ ಬೆಳಗಿನ್ ಶಿಫ್ಟು, ಒಂದ್ ವಾರ ರಾತ್ರಿ ಶಿಫ್ಟು. ಊರೋರ ಮದ್ವೆ ಮಾತೆಲ್ಲಾ ನನ್ನ ಕಿವಿ ಮೇಲೇ ಹೋಯ್ತು. ನಂದೊಂದು ಬರ್ಲಿಲ್ಲ.”

“ಕದ್ದು ಕೇಳ್ತಿದ್ಯಾ?”

“ಕೇಳಿಸ್ಕೋಬಾರ್ದು.” ಚೀಲವನ್ನು ಮಡಿಲಿಗೆ ಎಳೆದುಕೊಂಡು, “ಕೇಳಿಸ್ತದೆ,” ಅಂದಳು.

ಆಮೇಲೆ ನನ್ನ ಕೈ ಗಡಿಯಾರ ನೋಡಿದಳು. ಮತ್ತೆ ನೋಡಿದಳು.

“ಆರಾಯ್ತಾ?”

“ಆಯ್ತು.”

“ನೆಟ್ ಐತಾ?”

“ನಂಗೇನ್ ಗೊತ್ತು? ಇಲ್ಲೇ ನಿನ್ ಪಕ್ಕದಾಗೆ ಕುಂತಿದೀನಲ್ಲ!”

ಅವಳು ನಕ್ಕಳು. ನಕ್ಕಿದ್ದು ಅಂದರೆ ಹೆಗಲು ಅಲುಗಾಡುವಷ್ಟು. ಅದರಲ್ಲಿ ನಗುವಂಥದ್ದು ಏನಿತ್ತು ಅಂತ ನನಗೆ ಆಗ ತಿಳಿಯಲಿಲ್ಲ.

ಬರಬರುತ್ತಾ ಅವಳಿಗೆ ಕೆಲಸ ಕಡಿಮೆಯಾಯಿತು. ಕಂಪನಿಗಳೇ ಹೊಸ ಪೆಟ್ಟಿಗೆ ಕೊಟ್ಟವು, ಕೆಟ್ಟರೆ ಅವರೇ ಬೈಕಿನಲ್ಲಿ ಜನ ಕಳಿಸಿದರು. ಸಿರಾದ ಲಾಡ್ಜು ಅವಳನ್ನು ಬಿಟ್ಟಿತು. ತಂಗಿಯ ಗಂಡನೂ ಬಿಟ್ಟ. ನಮ್ಮಲ್ಲಿ ಪೆಟ್ಟಿಗೆ ಹಳೆಯದೇ ಆದರೂ ನೆಟ್ ಕೆಡುವುದು ನಿಂತಿತು. ಕೆಟ್ಟಾಗ ಕರೆಯುವ ಜನ, ಕೆಡದೆ ಇದ್ದರೆ ಯಾಕೆ ಕರೆಯುತ್ತಾರೆ? ಆರು ಗಂಟೆಯ ಟೆಸ್ಟ್ ಮಾತ್ರ ನಡೆದಿತ್ತು. ನಿಲ್ಲಿಸು ಅಂತ ಅವಳು ಹೇಳಲಿಲ್ಲ, ನಾನು ನಿಲ್ಲಿಸಲಿಲ್ಲ.

ಒಂದು ದಿನ ಕರೆಯದೆ ಬಂದಳು. ಚೀಲದಲ್ಲಿ ಇಕ್ಕಳ ಇರಲಿಲ್ಲ, ಒಂದು ಕಾಗದ ಇತ್ತು. ಅವಳ ಬೀದಿಯ ಹಳೆಯ ತಾಮ್ರದ ತಂತಿಯನ್ನೆಲ್ಲ ಕಿತ್ತುಹಾಕುತ್ತಾರಂತೆ. ನಂಬರು ಬೇಕಾದವರು ಹೊಸ ಲೈನಿಗೆ ಬರೆದುಕೊಡಬೇಕು, ಬೇಡವಾದವರು ಬೇಡ ಅಂತ ಬರೆದುಕೊಡಬೇಕು. ಹೊಸ ಲೈನು ಎಳೆಯಲು ಮನೆಯವರ ಗೋಡೆ ಕೊರೆಯಬೇಕು; ಮನೆಯವರನ್ನು ಕೇಳಲು ಇವಳಿಗೆ ಸಂಕೋಚ. ಅಷ್ಟಕ್ಕೇ ಒಂದು ವಾರದಿಂದ ನಿದ್ದೆ ಇಲ್ಲವಂತೆ. ಏನು ಮಾಡಲಿ ಹೊಳವನಹಳ್ಳಿಯಮ್ಮ ಅಂದಳು.

ನಾನು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಹೇಳಿದೆ.

“ಬುಟ್ಬುಡು ಅತ್ಲಾಗೆ. ಈ ಕಾಲ್ದಲ್ಲಿ ಯಾರಿಗ್ ಬೇಕು ಅದು?”

“ಫೋನ್ ಬರ್ತದಲ್ಲಮ್ಮ.”

“ಯಾರ್ ಮಾಡ್ತಾರೆ ನಿಂಗೆ? ಒಬ್ರ ಹೆಸ್ರು ಹೇಳು ನೋಡಾನ.”

ಬಾಯಿ ತೆಗೆದಳು. ನನ್ನನ್ನೇ ನೋಡುತ್ತಾ ಕೂತಳು. ಕೊನೆಗೆ, “ಹೆಸ್ರು ಗೊತ್ತಿಲ್ಲ,” ಅಂದಳು.

“ಹೆಸ್ರೇ ಗೊತ್ತಿಲ್ದೋರು ಮಾಡೋ ಫೋನು ಇದ್ರೆಷ್ಟು, ಹೋದ್ರೆಷ್ಟು?”

“ಅದೂ ನಿಜ,” ಅಂದಳು. ಕಾಗದ ಮಡಿಸಿದಳು. ಸೊಸೆ ಅಲ್ಲೇ ಇದ್ದಳು, ಬರೆದುಕೊಡು ಎಂದಿದ್ದರೆ ಐದು ನಿಮಿಷದಲ್ಲಿ ಬರೆದುಕೊಡುತ್ತಿದ್ದಳು. ನಾನೇ ಬರೆದುಕೊಳ್ಳುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡಳು. ಮೂರು ಗಂಟೆಯ ಬಸ್ಸಿಗೆ ಹೋದಳು. ಅವಳೇ ಬಂದು ಹೋಗಿದ್ದರಿಂದ ಅವತ್ತೂ ನಾನು ಫೋನ್ ಮಾಡಲಿಲ್ಲ.

ಅದಾದ ಮೇಲೂ ಕೆಲವು ವಾರ ಎಂದಿನ ಹಾಗೆ ನಡೆಯಿತು. ಎಕ್ಸ್‌ಚೇಂಜ್, ನೆಟ್ ಐತೆ, ಥ್ಯಾಂಕ್ಯೂ. ಆಮೇಲೆ ಒಂದು ಸಾಯಂಕಾಲ ರಿಂಗಾಗಲಿಲ್ಲ. ರೆಕಾರ್ಡ್ ಮಾಡಿಟ್ಟ ಒಬ್ಬ ಹೆಂಗಸಿನ ದನಿ, ನೀವು ಕರೆ ಮಾಡಿದ ಸಂಖ್ಯೆ ಬಳಕೆಯಲ್ಲಿಲ್ಲ, ದಯವಿಟ್ಟು ಪರಿಶೀಲಿಸಿ ಎಂದಿತು. ಪರವಾಗಿಲ್ಲ, ನನ್ನ ಮಾತು ಕೇಳಿದಳಲ್ಲ ಅಂದುಕೊಂಡೆ. ಸಾಯಂಕಾಲದ ಒಂದು ಕೆಲಸ ತಪ್ಪಿತು ಅಂತಲೂ ಅಂದುಕೊಂಡೆ. ಇನ್ನು ಅವಳನ್ನು ಕರೆಯುವುದು ಹೇಗೆ ಎಂದು ಯೋಚನೆ ಬರಲಿಲ್ಲ. ನೆಟ್ ಚೆನ್ನಾಗಿತ್ತು.

ನಾಲ್ಕು ತಿಂಗಳು ಹೀಗೆ ಹೋಯಿತು. ಆಮೇಲೆ ಒಂದು ಸೋಮವಾರ ನೆಟ್ ನಿಂತಿತು. ಪೆಟ್ಟಿಗೆಯ ದೀಪ ಕೆಂಪಾಯಿತು. ಸ್ಕಾಲರ್‌ಶಿಪ್ಪಿನ ಕೊನೆಯ ವಾರ ಬೇರೆ. ಕಂಪನಿಯವನು ಬಂದು, ಹೊರಗಿನ ಲೈನು ಸರಿ ಮಾಡಿ, ಪೆಟ್ಟಿಗೆಯ ಸಣ್ಣ ತೂತಿಗೆ ಪಿನ್ನು ಚುಚ್ಚಿ, ಎಲ್ಲಾ ಹೊಸದು ಮಾಡಿದ್ದೇನೆ ಎಂದು ಹೇಳಿ ಹೋದ. ಅವನು ಹೋದ ಮೇಲೆ ದೀಪ ಹಸಿರು, ಪೇಜು ಮಾತ್ರ ತೆರೆಯದು. ಮರುದಿನ ಬೆಳಿಗ್ಗೆ ನಾನು ಅವಳನ್ನು ಕರೆತರಲು ಬಸ್ಸು ಹತ್ತಿದೆ.

ಬೆಟ್ಟದ ಕೆಳಗಿನ ಬೀದಿ, ಮಹಡಿ ಮನೆ ಅಂತ ಅವಳು ಯಾವಾಗಲೋ ಹೇಳಿದ್ದು ನೆನಪಿತ್ತು. ಮಧುಗಿರಿಯಲ್ಲಿ ಯಾವ ಬೀದಿ ಬೆಟ್ಟದ ಕೆಳಗಿಲ್ಲ? ಇಳಿದು ಒಂದು ಅಂಗಡಿಯಲ್ಲಿ ಎಕ್ಸ್‌ಚೇಂಜಮ್ಮನ ಮನೆ ಎಲ್ಲಪ್ಪಾ ಅಂತ ಕೇಳಿದೆ.

“ಎಕ್ಸ್‌ಚೇಂಜಾ? ಏನ್ ಕೊಡ್ಬೇಕಿತ್ತು ಅಜ್ಜಿ, ಮಿಕ್ಸಿನಾ, ಟಿವಿನಾ? ಎದುರುಗಡೆ ಅಂಗ್ಡೀಲಿ ಕೇಳಿ,” ಅಂದ.

ಇನ್ನೊಬ್ಬರನ್ನು ಕೇಳಿದೆ. ಹೆಸರೇನು ಅಂದರು. ಮತ್ತೊಬ್ಬರನ್ನು ಕೇಳಿದೆ. ಹೆಸರು ಹೇಳಮ್ಮ, ಹೆಸರಿಲ್ಲದೆ ಹೆಂಗೆ ಹುಡುಕೋದು ಅಂದರು. ಬಿಸಿಲಿನಲ್ಲಿ ಮೂರು ಬೀದಿ ಸುತ್ತಿದೆ. ಐದು ವರ್ಷದಲ್ಲಿ ಒಂದು ಸಲ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅಂತ ನನ್ನನ್ನೇ ಬೈದುಕೊಂಡೆ. ಕೊನೆಗೆ ಒಂದು ಹಳೆಯ ಔಷಧಿ ಅಂಗಡಿಯ ಮುಂದೆ ನಿಂತೆ. ಗಲ್ಲಾಪೆಟ್ಟಿಗೆಯ ಹಿಂದೆ ನನಗಿಂತ ದೊಡ್ಡ ವಯಸ್ಸಿನವರು ಕೂತಿದ್ದರು. ಹೆಸರು ಕೇಳುತ್ತಾರೆ ಅಂತ ಗೊತ್ತಿತ್ತು. ಹೆಸರಿನ ಬದಲು ನಂಬರು ಹೇಳಿದೆ.

ಅವರು ಕಣ್ಣು ಮುಚ್ಚಿದರು. “ಇನ್ನೊಂದ್ಸಲ ಹೇಳಮ್ಮ.” ಹೇಳಿದೆ. “ಅಯ್ಯೋ, ಅದು ಆಪರೇಟರಮ್ಮನ ಮನೇದಲ್ವಾ. ಹಿಂದಿನ ಬೀದಿ, ಹುಣಸೆಹಣ್ಣಿನೋರ ಮನೆ ಮಹಡಿ.”

ಕೆಳಗಿನ ಮನೆಯಾಕೆ ಬಾಗಿಲಲ್ಲೇ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಮೇಲಿನ ಕೋಣೆಯ ಕಿಟಕಿ ತೆರೆದಿತ್ತು, ಸುಣ್ಣದ ವಾಸನೆ ಬರುತ್ತಿತ್ತು. ನಾನು ಕೇಳುವ ಮುಂಚೆಯೇ ನನಗೆ ತಿಳಿಯಿತು.

“ಎರಡು ತಿಂಗ್ಳಾಯ್ತಮ್ಮ,” ಅಂದಳು. “ಮಲಗಿದ್ದೋರು ಎದ್ದೇಳ್ಲಿಲ್ಲ. ನೆಂಟ್ರು ಅಂತ ಇಬ್ರು ಬಂದಿದ್ರು, ಕಾರ್ಯ ಮಾಡಿ ಅವ್ರ ಚೀಲ ತಗಂಡೋದ್ರು. ನೀವ್ಯಾರು?”

“ಹೊಳವನಹಳ್ಳಿ,” ಅಂದೆ.

ಕೂರಿಸಿ ನೀರು ಕೊಟ್ಟಳು. ಜಜ್ಜುವುದನ್ನು ನಿಲ್ಲಿಸದೆ ಮಾತಾಡಿದಳು. ಒಳ್ಳೆಯವರು, ಗಲಾಟೆ ಇಲ್ಲ, ಒಂದೇ ಒಂದು ಹುಚ್ಚು ಅಂದಳು.

“ಸಾಯಂಕಾಲ ಐದೂವರೆಗೆಲ್ಲಾ ಬಾಗ್ಲು ಹಾಕೋರು. ಸದ್ದಾಗ್ತದೆ ಅಂತ ಫ್ಯಾನ್ ಆರಿಸೋರು. ನಮ್ಮ ಮಕ್ಳು ಮೆಟ್ಲ ಮೇಲೆ ಕುಂತಿದ್ರೆ ಎಬ್ಬಿಸಿ ಕಳ್ಸೋರು. ಆರಕ್ಕೆ ಸರಿಯಾಗಿ ಒಂದು ಫೋನ್ ಬರೋದು. ಒಂದೆರಡು ಮಾತು, ಇಟ್ಬುಡೋರು. ಇಲಾಖೆ ಫೋನು, ಟೆಸ್ಟು ಅಂತಿದ್ರು. ಆಮೇಲೇನೇ ಬಾಗ್ಲು ತೆಗ್ದು ಒಲೆ ಹಚ್ಚೋರು.”

ನೀರಿನ ಲೋಟ ಕೆಳಗಿಟ್ಟೆ. “ಬರ್ದೇ ಇದ್ರೆ?”

“ಒಂದೊಂದ್ ದಿನ ಎಲ್ಲಿಗೋ ಹೋಗಿ ಓಡೋಡಿ ಬಂದಿರ್ತಿದ್ರು ನೋಡಿ, ಅಂಥ ದಿನಾನೇ ಬರ್ತಿರ್ಲಿಲ್ಲ ಅದು. ರಿಸೀವರ್ ಎತ್ತಿ ಕಿವಿಗಿಟ್ಕಂಡು ನೋಡೋರು, ಲೈನ್ ಸತ್ತೋಗೈತಾ ಅಂತ. ಏಳು ಗಂಟೆ ತನ್ಕ ಕಾಯೋರು. ಅವತ್ತು ಊಟ ಇಲ್ಲ. ಲೈನ್ ಕಿತ್ತಾದ್ಮೇಲೂ ಬುಡ್ಲಿಲ್ಲ ಅಂತೀನಿ. ಐದೂವರೆಗೆ ಬಾಗ್ಲು ಹಾಕೋರು.” ಸುತ್ತಿಗೆ ನಿಲ್ಲಿಸಿ ನನ್ನನ್ನು ನೋಡಿದಳು. “ಇಲಾಖೆ ಫೋನೇ ತಾನೆ ಅದು?”

“ಊಂ,” ಅಂದೆ. “ಇಲಾಖೆದೇ.”

ಹೆಸರು ಕೇಳಿಬಿಡೋಣ ಅಂತ ಬಾಯಿಗೆ ಬಂತು. ಕೇಳಲಿಲ್ಲ. ಕೇಳಿ ಇನ್ನು ಯಾರನ್ನು ಕರೆಯಬೇಕು?

ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಬಂದೆ. ಕೆಟ್ಟಿದೆ ಅಂತ ಅವಳಿಗೆ ಎಲ್ಲರೂ ಫೋನ್ ಮಾಡಿದ್ದಾರೆ. ಚೆನ್ನಾಗಿದೆ ಅಂತ ಮಾಡಿದವಳು ನಾನೊಬ್ಬಳೇ. ಅದು ಫೋನು ಅಂತ ನನಗೇ ಗೊತ್ತಿರಲಿಲ್ಲ. ಕೆಲಸ ಅಂದುಕೊಂಡಿದ್ದೆ. ಯಾರು ಮಾಡುತ್ತಾರೆ ಹೇಳು ಎಂದು ಕೇಳಿದಾಗ ನನ್ನ ಮುಖ ನೋಡುತ್ತಾ ಕೂತಿದ್ದಳಲ್ಲ, ನೀನೇ ಕಣೇ ಅನ್ನಬಾರದಾಗಿತ್ತಾ? ಬಾಯಿ ಇರಲಿಲ್ಲವಾ? ಮೂವತ್ತು ವರ್ಷ ಬೇರೆಯವರ ಮಾತು ಸಾಗಿಸಿದವಳಿಗೆ ತನ್ನದೊಂದು ಮಾತು ಆಡಲು ಬರಲಿಲ್ಲ. ಕೊರಟಗೆರೆ ದಾಟುವ ತನಕ ಅವಳನ್ನೇ ಬೈದೆ. ಆಮೇಲೆ ಬೈಯುವುದಕ್ಕೂ ಏನೂ ಉಳಿಯಲಿಲ್ಲ.

ಮನೆ ಮುಟ್ಟಿದಾಗ ಐದು ಗಂಟೆ ದಾಟಿತ್ತು. ಜಗುಲಿಯ ತುಂಬಾ ಜನ.

“ಕರ್ಕೊಂಡ್ ಬಂದ್ರಾ ಅತ್ತೆ?” ಅಂದಳು ಸೊಸೆ.

“ಇಲ್ಲ. ಸತ್ತೋಗವ್ಳೆ. ಕುಂತ್ಕೊ, ನಾನ್ ಹೇಳ್ದಂಗೆ ಮಾಡು.”

ಹೆಸರು ಬಿಟ್ಟು ಆ ನಾಲ್ಕು ತುಂಡಿನ ನಂಬರು ಹೊಡೆಸಿದೆ. ಎಷ್ಟು ಸಲ ನೋಡಿದ್ದೆನೋ, ನನಗೆ ಅದೂ ಬಾಯಿಪಾಠ ಆಗಿತ್ತು. ಕಪ್ಪು ಪರದೆಯ ಮೇಲೆ ಒಂದರ ಕೆಳಗೆ ಒಂದು ಸಾಲು ಬಿತ್ತು.

“ದಾರಿ ಐತೆ,” ಅಂದೆ. “ಪಿನ್ ಚುಚ್ಚಿ ಅವ್ಳು ಹಾಕಿದ್ದನ್ನ ಅಳಿಸವ್ನೆ. ಪೆಟ್ಟಿಗೆ ತಿರುಗಿಸು.”

ತಳದಲ್ಲಿ ಪ್ಲಾಸ್ಟರ್ ಧೂಳು ಹಿಡಿದು ಕಂದಾಗಿತ್ತು. ಸೆರಗಿನಿಂದ ಒರೆಸಿದೆ. ಹೆಸರು ಇವರನ್ನು ಕೇಳುವುದು. ಸೊಸೆ ನೋಡಿಕೊಂಡು ಒಂದೊಂದೇ ಅಂಕಿ ಹಾಕಿದಳು. ಮೊದಲು ಅವಳ ಪರದೆ ಬೆಳಗಿತು, ಆಮೇಲೆ ಲ್ಯಾಬಿನವನು ಬಂತು ಬಂತು ಎಂದು ಕೂಗಿದ, ಆಮೇಲೆ ಜೆರಾಕ್ಸಿನವನು. ಜನ ಒಳಗೆ ನುಗ್ಗಿದರು. ನಾನು ಹಿಂದಿನ ಮನೆಗೆ ಹೋಗಿ ದೀಪ ಹಚ್ಚಿ, ಕೈ ಒರೆಸಿಕೊಂಡು, ಮೊಬೈಲ್ ತೆಗೆದೆ. ಗಂಟೆ ಆರಾಗಿತ್ತು. ನಂಬರು ಒತ್ತಿದೆ.

ಆ ರೆಕಾರ್ಡಿನ ಹೆಂಗಸು ತನ್ನ ಮಾತು ಶುರು ಮಾಡಿದಳು. ಬಳಕೆಯಲ್ಲಿಲ್ಲ, ದಯವಿಟ್ಟು ಪರಿಶೀಲಿಸಿ. ಪೂರ್ತಿ ಮುಗಿಸಲಿ ಅಂತ ಕಾದೆ.

“ನೆಟ್ ಐತೆ,” ಅಂದೆ.

ಅವಳು ಥ್ಯಾಂಕ್ಯೂ ಅನ್ನಲಿಲ್ಲ.